ಬುಕಿಂಗ್ ಹೋಲ್ಡಿಂಗ್ಸ್: ಮೈನಸ್ ಬಂಡವಾಳ ಓದುವಾಗ

ಎಲ್ಲರ ಗಮನಕ್ಕೆ: Booking.com ಎಂಬ ಹೋಟೆಲ್ ಬುಕಿಂಗ್ ತಾಣದ ಒಡೆತನ ಹೊಂದಿರುವ ಬುಕಿಂಗ್ ಹೋಲ್ಡಿಂಗ್ಸ್ ಕಂಪನಿಯ 2022 ಮತ್ತು 2023ರ ಡಿಸೆಂಬರ್ 31ರ ಬ್ಯಾಲೆನ್ಸ್ ಶೀಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಷೇರುದಾರರ ಬಂಡವಾಳ (ಆಸ್ತಿಯಿಂದ ಹೊಣೆಗಾರಿಕೆ ಕಳೆದು ಉಳಿಯುವುದು) ಸುಮಾರು 278 ಕೋಟಿ ಡಾಲರ್ ಇದ್ದದ್ದು ಮೈನಸ್ 274 ಕೋಟಿಗೆ ಇಳಿದಿದೆ. ದಯವಿಟ್ಟು ಇದನ್ನು ನಷ್ಟ ಎಂದು ಬರೆಯಬೇಡಿ. 2023ರ ಲಾಭವೇ 400 ಕೋಟಿ ಡಾಲರ್ ದಾಟಿತ್ತು. 1,000 ಕೋಟಿಗೂ ಹೆಚ್ಚು ಸುರಿದು ಕಂಪನಿ ತನ್ನದೇ ಷೇರುಗಳನ್ನು ವಾಪಸ್ ಕೊಂಡಿತು. ಆ ಮೊತ್ತವನ್ನು ‘ಟ್ರೆಷರಿ ಸ್ಟಾಕ್’ (ವಾಪಸ್ ಕೊಂಡ ಸ್ವಂತ ಷೇರುಗಳು) ಸಾಲಿನಲ್ಲಿ ಬಂಡವಾಳದಿಂದ ಕಳೆಯಲಾಗುತ್ತದೆ.

ಹೊಣೆಗಾರಿಕೆಯಲ್ಲಿ ಬಾಂಡ್ ಸಾಲವನ್ನೂ ‘ಡಿಫರ್ಡ್ ಮರ್ಚೆಂಟ್ ಬುಕಿಂಗ್ಸ್’ ಅನ್ನೂ ಒಟ್ಟು ಸೇರಿಸಬೇಡಿ. ಎರಡನೆಯದು ಪ್ರಯಾಣಿಕರು ಮುಂಗಡ ಕಟ್ಟಿದ ಹಣ, ಬಡ್ಡಿಯಿಲ್ಲ. ಹೆಚ್ಚಿನ ಪಾಲು ಹೋಟೆಲಿಗೆ ಸಲ್ಲಬೇಕಾದದ್ದು. ಬೇಸಿಗೆ ರಜೆಗೆ ಮುಂಚೆ ಉಬ್ಬಿ, ವರ್ಷಾಂತ್ಯಕ್ಕೆ ಇಳಿಯುತ್ತದೆ. ಹಾಗಾಗಿ ಜೂನ್ ಅಂಕಿಯನ್ನು ಹಿಂದಿನ ವರ್ಷದ ಜೂನಿಗೇ ಹೋಲಿಸಿ. ಬಂಡವಾಳ ಮೈನಸ್ ಆದಮೇಲೆ ಸಾಲ-ಬಂಡವಾಳ ಅನುಪಾತಕ್ಕೆ ಅರ್ಥವಿಲ್ಲ, ಸಾಲವನ್ನು ಎಬಿಟ್ಡಾದಿಂದ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ಭಾಗಿಸಿ.