ಹೊಲಕ್ಕೆ ಮರಳಿದ ದೊಡ್ಡವರು, ಗರಡಿ ಗೋಡೆಯ ಪೈಲ್ವಾನರು

ಪ್ರೀತಿಯ ಗೆಳೆಯಾ,

ಬ್ಯೂನಸ್ ಐರಿಸ್‌ನಿಂದ ನೀನು ಕಳಿಸಿದ ಫೋಟೋಗಳನ್ನು ನೋಡಿದೆ. ಕಂಪನಿ ಕೆಲಸಕ್ಕೆ ಅಷ್ಟು ದೂರ ಹೋಗಿ ರಜೆ ದಿನ ಸ್ಮಶಾನ ಸುತ್ತಿದ್ದೀಯ ಅಂತ ನಿಮ್ಮಮ್ಮನಿಗೆ ಗೊತ್ತಾ? ಗೊತ್ತಾದರೆ ಫೋನಲ್ಲೇ ತಲೆಗೆ ನೀರು ಹಾಕಿಕೊ ಅಂತಾರೆ.

ಅಲ್ಲಿನ ರೆಕೊಲೆಟಾ ಸ್ಮಶಾನದಲ್ಲಿ ಅರ್ಜೆಂಟೀನಾ ಅಧ್ಯಕ್ಷ ಪೆರೋನ್ ಹೆಂಡತಿ ಎವಿಟಾ ಪೆರೋನ್ ಸಮಾಧಿ ಇರೋದು ಓದಿ ಗೊತ್ತಿತ್ತು. ಅದೇ ಆವರಣದಲ್ಲಿ ಬಾಕ್ಸರ್ ಲೂಯಿಸ್ ಏಂಜೆಲ್ ಫಿರ್ಪೊನೂ ಇದ್ದಾನೆ ಅನ್ನೋದು ನೋಡಿ ಖುಷಿ ಆಯಿತು. 1923ರ ಪಂದ್ಯದಲ್ಲಿ ಅಮೆರಿಕದ ವಿಶ್ವ ಚಾಂಪಿಯನ್ ಜಾಕ್ ಡೆಂಪ್ಸಿಯನ್ನು ಹಗ್ಗದಾಚೆ ಉರುಳಿಸಿದವನು. ಕೊನೆಗೆ ಸೋತದ್ದು ಫಿರ್ಪೊನೇ. ಆದರೂ ಆ ಊರಿನವರು ನಿಲುವಂಗಿ ತೊಟ್ಟ ಅವನ ಪ್ರತಿಮೆಯನ್ನು ಸಮಾಧಿ ಮುಂದೆಯೇ ನಿಲ್ಲಿಸಿದ್ದಾರೆ.

ಫೋಟೋಗಳ ಕೆಳಗೆ ನೀನು ಕೇಳಿದ್ದೆಯಲ್ಲ, "ನಮ್ಮ ಮೈಸೂರು, ಮಂಡ್ಯ ಕಡೆ ಹೀಗೆ ರಾಜಕಾರಣಿಗಳು, ಆಟಗಾರರು ಒಂದೇ ಕಡೆ ಮಲಗಿರೋ ಜಾಗ ಯಾವುದೋ?" ಅಂತ. ಒಂದೂ ಇಲ್ಲ ಕಣೋ. ನಮ್ಮ ಕಡೆ ದೊಡ್ಡವರಾದವರು ಊರಿಗೆ ವಾಪಸ್ ಹೋಗುತ್ತಾರೆ. ಬದುಕಿದ್ದಾಗ ಬೆಂಗಳೂರು, ದೆಹಲಿ ಎಲ್ಲ ಆಗಿರುತ್ತೆ. ಕೊನೆಗೆ ಹುಟ್ಟಿದ ಹಳ್ಳಿ, ಸ್ವಂತ ಜಮೀನು. ಬೇಲಿ ಆಚೆ ಕಬ್ಬು ಇರುತ್ತೆ, ಈಚೆ ಸಮಾಧಿ.

ಎಸ್.ಎಂ. ಕೃಷ್ಣ ಅವರನ್ನೇ ತಗೋ. ಮುಖ್ಯಮಂತ್ರಿ, ಮಹಾರಾಷ್ಟ್ರದ ರಾಜ್ಯಪಾಲ, ದೇಶದ ವಿದೇಶಾಂಗ ಸಚಿವ. ಟೆನಿಸ್ ಅಂದರೆ ಪ್ರಾಣ. ರಾಜಕಾರಣಿ, ಆಟಗಾರ ಎರಡನ್ನೂ ಒಬ್ಬನಲ್ಲೇ ಹುಡುಕೋದಾದರೆ ನಮ್ಮ ಕಡೆ ಮೊದಲು ನೆನಪಾಗೋದು ಅವರೇ. 2024ರ ಡಿಸೆಂಬರ್ 10ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮಾರನೇ ದಿನ ಮೈಸೂರು ರಸ್ತೆಯುದ್ದಕ್ಕೂ ಜನ ನಿಂತು ನೋಡುತ್ತಿದ್ದಂತೆ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಗೆ ತಂದು ಅಂತ್ಯಸಂಸ್ಕಾರ ಮಾಡಿದರು. ಅವರು ಹುಟ್ಟಿದ್ದೂ ಅದೇ ಊರಲ್ಲಿ, 1932ರಲ್ಲಿ.

ಅವರ ಮೊದಲ ಚುನಾವಣೆ ಕಥೆ ನಿನಗೆ ಗೊತ್ತಿರಬೇಕು. 1962, ಮದ್ದೂರು ಕ್ಷೇತ್ರ. ಕೃಷ್ಣ ಪಕ್ಷೇತರ. ಎದುರಿಗೆ ಕಾಂಗ್ರೆಸ್‌ನ ಕೆ.ವಿ. ಶಂಕರಗೌಡ. ಶಂಕರಗೌಡರ ಪರ ಪ್ರಚಾರಕ್ಕೆ ಬಂದವರು ಸಾಕ್ಷಾತ್ ನೆಹರೂ. ಆದರೂ ಗೆದ್ದದ್ದು ಹೊಸ ಹುಡುಗ. ಸೋತ ಶಂಕರಗೌಡರು ಮಂಡ್ಯದ ಬಾಯಲ್ಲಿ ಇವತ್ತಿಗೂ 'ನಿತ್ಯ ಸಚಿವ'. ಅವರು ಕಟ್ಟಿದ ಪಿಇಎಸ್ ಕಾಲೇಜಿನಲ್ಲಿ ಓದದ ಮನೆ ಮಂಡ್ಯದಲ್ಲಿ ಹುಡುಕಿದರೂ ಸಿಗೋದು ಕಷ್ಟ. ನನ್ನ ಕೇಳಿದರೆ ಅವರ ಸ್ಮಾರಕ ಆ ಕಾಲೇಜೇ.

ರೈತ ಸಂಘದ ಪುಟ್ಟಣ್ಣಯ್ಯನವರ ಸಾವು ಮಾತ್ರ ನನ್ನನ್ನು ಬಹಳ ಕಾಡಿದೆ. 2018ರ ಫೆಬ್ರವರಿ 18, ಭಾನುವಾರ. ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಾ ಕೂತಿದ್ದರು. ಅಲ್ಲೇ ಎದೆನೋವು. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಆಗ ಅವರು ಮೇಲುಕೋಟೆ ಶಾಸಕರು. ಹಸಿರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ವಿಧಾನಸಭೆಯಲ್ಲಿ ಎದ್ದು ನಿಂತರೆ ಹಾಸ್ಯ ಮಾಡುತ್ತಲೇ ಸರ್ಕಾರದ ಕಿವಿ ಹಿಂಡುತ್ತಿದ್ದ ಮನುಷ್ಯ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಮನೆಯವರು ಅಮೆರಿಕದಿಂದ ಬರಬೇಕಿತ್ತು, ಅದಕ್ಕೇ ಕೆಲವು ದಿನ ಕಾಯ್ದರು. ಕಬಡ್ಡಿ ನೋಡುತ್ತಾ ಹೋದರಲ್ಲ, ಮಂಡ್ಯದ ರೈತ ನಾಯಕನಿಗೆ ಇದಕ್ಕಿಂತ ಒಪ್ಪುವ ಕಡೇ ಗಳಿಗೆ ಇನ್ನೇನಿದೆ ಅಂತ ಒಮ್ಮೊಮ್ಮೆ ಅನ್ನಿಸುತ್ತೆ. ಇನ್ನೂ ಹತ್ತು ವರ್ಷ ಇರಬೇಕಿತ್ತು ಅಂತಲೂ ಅನ್ನಿಸುತ್ತೆ.

ಅಂಬರೀಶ್ ಅವರದ್ದು ಉಲ್ಟಾ ಕಥೆ. ಅವರು ಊರಿಗೆ ಬಂದು ಮತ್ತೆ ವಾಪಸ್ ಹೋದರು. 2018ರ ನವೆಂಬರ್ 24ಕ್ಕೆ ತೀರಿಕೊಂಡಾಗ ಮಂಡ್ಯದ ಜನ ಪಟ್ಟು ಹಿಡಿದರು, ನಮಗೆ ಕೊನೇ ಸಲ ತೋರಿಸಲೇಬೇಕು ಅಂತ. ಬೆಂಗಳೂರಿನಿಂದ ಹೆಲಿಕಾಪ್ಟರ್‌ನಲ್ಲಿ ತಂದು ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಇಟ್ಟರು. ಇಡೀ ರಾತ್ರಿ ಸಾಲು ಕರಗಲಿಲ್ಲ. ಬೆಳಿಗ್ಗೆ ಹೊರಡುವ ಮುಂಚೆ ಸುಮಲತಾ ಅವರು ಮಂಡ್ಯದ ಮಣ್ಣು ತೆಗೆದು ಅವರ ಹಣೆಗೆ ಹಚ್ಚಿದರು. ಆಮೇಲೆ ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ ಸಂಸ್ಕಾರ. ದೊಡ್ಡರಸಿನಕೆರೆ ಹುಡುಗ ಬೆಂಗಳೂರಲ್ಲೇ ಉಳಿದ ಅಂತ ಮಂಡ್ಯದಲ್ಲಿ ಇವತ್ತಿಗೂ ಬೇಜಾರು ಮಾಡಿಕೊಳ್ಳೋರಿದ್ದಾರೆ. ಹಣೆಗೆ ಹಚ್ಚಿದ ಮಣ್ಣಿನಷ್ಟೇ ನಮ್ಮ ಪಾಲು ಅಂತಾರೆ.

ಮೈಸೂರು ಕಡೆಗೂ ಇದೇ ಲೆಕ್ಕ. ದೇವರಾಜ ಅರಸು 1982ರ ಜೂನ್ 6ರಂದು ತೀರಿಕೊಂಡರು. ಸಮಾಧಿ ಇರೋದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಕಾಂಗ್ರೆಸ್‌ನ ಧ್ರುವನಾರಾಯಣ 2023ರ ಮಾರ್ಚ್ 11ರಂದು ಮೈಸೂರಿನಲ್ಲೇ ಹೋದರು, ಮಣ್ಣು ಮಾಡಿದ್ದು ಚಾಮರಾಜನಗರ ತಾಲ್ಲೂಕಿನ ಹೆಗ್ಗವಾಡಿಯಲ್ಲಿ. 2004ರಲ್ಲಿ ಸಂತೇಮರಹಳ್ಳಿಯಿಂದ ಒಂದೇ ಒಂದು ವೋಟಿನಲ್ಲಿ ಗೆದ್ದವರು ಅವರೇ. 40,752ಕ್ಕೆ 40,751. ಆ ಒಂದು ವೋಟು ನನ್ನದೇ ಅಂತ ಹೇಳೋರು ಆ ಕ್ಷೇತ್ರದಲ್ಲಿ ಸಾವಿರ ಜನ ಸಿಗಬಹುದು.

ನಗರದಲ್ಲೇ ಉಳಿದವರು ಕಡಿಮೆ. 2024ರ ಏಪ್ರಿಲ್‌ನಲ್ಲಿ ಸಂಸದ ಶ್ರೀನಿವಾಸ ಪ್ರಸಾದ್ ತೀರಿಕೊಂಡಾಗ ಮೈಸೂರಿನಲ್ಲೇ ಬೌದ್ಧ ಸಂಪ್ರದಾಯದಂತೆ ಸಂಸ್ಕಾರ ಆಯಿತು. ಇನ್ನು ಅರಮನೆಯವರಿಗೆ ಅವರದ್ದೇ ಸ್ಮಶಾನ ಮಧುವನ ಇದೆ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅಂತ್ಯಕ್ರಿಯೆ ಅಲ್ಲೇ ನಡೆದದ್ದು. ನಿನ್ನ ಪ್ರಶ್ನೆಗೆ ಸರಿಯಾಗಿ ಕೂರೋ ಹೆಸರು ಅದು. ಮೈಸೂರಿನಿಂದ ನಾಲ್ಕು ಸಲ ಲೋಕಸಭೆಗೆ ಹೋದವರು, ಜೊತೆಗೆ ಕ್ರಿಕೆಟ್. 2013ರ ಡಿಸೆಂಬರ್ ಆರಂಭದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಗೆದ್ದರು. ಕುರ್ಚಿ ಬಿಸಿ ಆಗೋಕೂ ಮುಂಚೆ, ಅದೇ ತಿಂಗಳ 10ಕ್ಕೆ, ಹೃದಯಾಘಾತ. ಕೃಷ್ಣ ಹೋದದ್ದೂ ಡಿಸೆಂಬರ್ 10. ಸುಮ್ನೆ ಹೇಳಿದೆ, ಅದರಲ್ಲೇನೂ ಇಲ್ಲ.

ಸ್ಮಶಾನ ಅಂತಲೇ ಟಿಕೆಟ್ ತಗೊಂಡ ಹಾಗೆ ನೋಡಿಕೊಂಡು ಬರೋ ಜಾಗ ಬೇಕು ಅಂದರೆ ಶ್ರೀರಂಗಪಟ್ಟಣಕ್ಕೇ ಹೋಗಬೇಕು. ಸ್ಕೂಲ್ ಟ್ರಿಪ್‌ನಲ್ಲಿ ಟಿಪ್ಪು ಗೋರಿ ಇರೋ ಗುಂಬಜ್ ನೋಡಿದ್ದೆವಲ್ಲ? ಆಗ ನಮ್ಮ ಗಮನ ಎಲ್ಲ ಸೌತೆಕಾಯಿ ಮಾರೋನ ಮೇಲಿತ್ತು. ಈಗ ಹೋಗಿ ನೋಡು. ಸುತ್ತ ಕಪ್ಪು ಕಲ್ಲಿನ ಕಂಬಗಳು, ಕೈಯಿಟ್ಟರೆ ಬೇಸಿಗೆಯಲ್ಲೂ ತಣ್ಣಗೆ. ದಂತದ ಕುಸುರಿ ಮಾಡಿದ ಕರಿಮರದ ಬಾಗಿಲುಗಳು. ಅವನ್ನು ಕೊಟ್ಟವನು ಬ್ರಿಟಿಷ್ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ! ಕೊಂದವರ ಕಡೆಯವರೇ ಗೋರಿಗೆ ಬಾಗಿಲು ಮಾಡಿಸಿಕೊಟ್ಟಿದ್ದಾರೆ. ಒಳಗೆ ಮೂರು ಗೋರಿ. ಹೈದರಾಲಿ, ಅವನ ಹೆಂಡತಿ ಫಾತಿಮಾ, ಮಗ ಟಿಪ್ಪು. ಗುಂಬಜ್ ಕಟ್ಟಿಸಿದ್ದು ಟಿಪ್ಪುವೇ, ಅಪ್ಪ ಅಮ್ಮನಿಗಾಗಿ. 1799ರಲ್ಲಿ ಅವನನ್ನೂ ಅಲ್ಲೇ ಮಲಗಿಸಿದರು.

ಎವಿಟಾ ಹೆಣ ಇಟಲಿಗೆಲ್ಲ ಹೋಗಿ, ಸುಳ್ಳು ಹೆಸರಲ್ಲಿ ಮಣ್ಣಾಗಿ, ವರ್ಷಗಟ್ಟಲೆ ಆದ ಮೇಲೆ ಊರಿಗೆ ಬಂತು ಅಂತ ಬರೆದಿದ್ದೆಯಲ್ಲ. ಹೈದರನದ್ದೂ ಪ್ರಯಾಣವೇ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ, ಯುದ್ಧದ ಮಧ್ಯೆ ಸತ್ತ. ಮೊದಲು ಕೋಲಾರದಲ್ಲಿ ಅವನ ಅಪ್ಪನ ಗೋರಿ ಪಕ್ಕ ಮಣ್ಣು ಮಾಡಿದರು. ಆಮೇಲೆ ಶ್ರೀರಂಗಪಟ್ಟಣಕ್ಕೆ ತಂದರು. ಅಲ್ಲಿಂದ ಸ್ವಲ್ಪ ದೂರದಲ್ಲೇ ಅವನ ಶತ್ರು, ಬ್ರಿಟಿಷ್ ಕರ್ನಲ್ ಬೈಲಿಯ ಸ್ಮಾರಕ. 1780ರಲ್ಲಿ ಪೊಲ್ಲಿಲೂರಿನಲ್ಲಿ ಸೋತು ಸೆರೆ ಸಿಕ್ಕವನು, ಸತ್ತದ್ದೂ ಸೆರೆಯಲ್ಲೇ, ಹೈದರ್ ಸತ್ತ ವರ್ಷವೇ.

ಅದಕ್ಕಿಂತ ನನಗೆ ಇಷ್ಟ ಆಗೋದು ಕಾವೇರಿ ದಡದ ಗ್ಯಾರಿಸನ್ ಸ್ಮಶಾನ, ಅಂದರೆ ಬ್ರಿಟಿಷ್ ಸೈನ್ಯದವರ ಸ್ಮಶಾನ. ಹೆದ್ದಾರಿಯಲ್ಲಿ ದಿನಾ ಓಡಾಡೋರು ಅದರ ಪಕ್ಕದಲ್ಲೇ ಹೋಗುತ್ತಾರೆ, ಇಳಿದು ನೋಡೋರಿಲ್ಲ. ಸುಮಾರು 300 ಗೋರಿಗಳು. ಮೊನೆಯಾದ ಕಂಬಗಳು, ಗೋಪುರದ ಹಾಗೆ ಕಟ್ಟಿದ ಗೋರಿಗಳು, ಅವುಗಳ ಮಧ್ಯೆ ಮಕ್ಕಳ ಪುಟ್ಟ ಗೋರಿ. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ದಳದ ಅಧಿಕಾರಿಗಳು ಅಲ್ಲಿದ್ದಾರೆ. ಆ ದಳ ಮೊದಲು ಸಿಲೋನ್‌ನಲ್ಲಿ ಡಚ್ಚರ ಸಂಬಳಕ್ಕೆ ಇತ್ತು, 1795ರಲ್ಲಿ ಬ್ರಿಟಿಷರ ಕಡೆ ಬಂತು, 1799ರಲ್ಲಿ ನಮ್ಮ ಕೋಟೆ ಹತ್ತಿತು. ಪೊದೆ ಬೆಳೆದು ಹಾಳಾಗಿದ್ದ ಜಾಗವನ್ನು ಎರಡು ಶತಮಾನದ ಮೇಲೆ ಡಿ ಮ್ಯೂರಾನ್ ಮನೆತನದವರೇ ಬಂದು ಸರಿ ಮಾಡಿಸಿದರು. ಪರದೇಶದಿಂದ ಬಂದು ಪೂರ್ವಜರ ಗೋರಿಗೆ ಗಾರೆ ಹಾಕಿಸಿದರಲ್ಲ, ನಾವು ಒಂದೇ ತಾಲ್ಲೂಕಿನಲ್ಲಿ ಇದ್ದುಕೊಂಡು ಮಾಡಲ್ಲ.

ಸರಿ, ಕ್ರೀಡಾಪಟುಗಳ ವಿಷಯಕ್ಕೆ ಬರ್ತೀನಿ. ನಿಜವಾದ ನನ್ನ ತಕರಾರು ಇರೋದು ಇಲ್ಲಿ.

ಮೈಸೂರಿನ ಆಟ ಯಾವುದು ಹೇಳು? ಕುಸ್ತಿ ಅಲ್ವಾ? ರಣಧೀರ ಕಂಠೀರವ ನರಸರಾಜ ಒಡೆಯರೇ ಪೈಲ್ವಾನರು. 1638ರಲ್ಲಿ ಪಟ್ಟಕ್ಕೆ ಬಂದವರು. ತಿರುಚಿನಾಪಳ್ಳಿಗೆ ವೇಷ ಮರೆಸಿಕೊಂಡು ಹೋಗಿ ಅಲ್ಲಿನ ಜಟ್ಟಿಯನ್ನು ಉರುಳಿಸಿ ಬಂದರು ಅನ್ನೋ ಕಥೆ ನಮ್ಮ ಮನೆಗಳಲ್ಲಿ ಈಗಲೂ ಉಂಟು. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇನ್ನೂ ನಡೆಯುತ್ತೆ, ನೆತ್ತಿಯಿಂದ ರಕ್ತ ಚಿಮ್ಮಿದ ಮೇಲೇ ಜಂಬೂಸವಾರಿ. ದಸರಾ ಕುಸ್ತಿ ನಡೆಯೋ ದೊಡ್ಡಕೆರೆ ಮೈದಾನದ ಕ್ರೀಡಾಂಗಣದ ಹೆಸರು ದೇವರಾಜ ಅರಸು. ಇನ್ನೊಂದು ಅಖಾಡದ ಹೆಸರು ಸಾಹುಕಾರ್ ಚನ್ನಯ್ಯ. ಇಬ್ಬರೂ ರಾಜಕಾರಣಿಗಳು. ಇಬ್ಬರ ಬಗ್ಗೆಯೂ ಗೌರವ ಇದೆ, ಅದಲ್ಲ ಮಾತು. ಮಟ್ಟಿಯಲ್ಲಿ, ಅಂದರೆ ಗರಡಿ ಮಣ್ಣಲ್ಲಿ, ಮೈ ಮುರಿದುಕೊಂಡವನ ಹೆಸರು ಒಂದಾದರೂ ಅಲ್ಲಿ ಇರಬಾರದಾ?

ಪೈಲ್ವಾನರ ಸಮಾಧಿ ಹುಡುಕಿದರೆ ಸಿಗೋದಿಲ್ಲ. ಜಮೀನಿದ್ದವರು ಹೊಲದಲ್ಲಿ ಕಲ್ಲು ನೆಟ್ಟರು. ಇಲ್ಲದವರು ನಗರದ ಸ್ಮಶಾನಕ್ಕೆ ಹೋದರು. ಅಲ್ಲಿ ಹಳೇ ಗುಂಡಿ ಮೇಲೇ ಹೊಸ ಗುಂಡಿ. ಅವರ ಗುರುತು ಉಳಿದಿದ್ದರೆ ಗರಡಿ ಮನೆಯ ಗೋಡೆ ಮೇಲೆ ಮಾತ್ರ. ಹೋದ ತಿಂಗಳು ನಮ್ಮ ಹಳೇ ಬೀದಿ ಗರಡಿಗೆ ಹೋಗಿದ್ದೆ. ಹನುಮಂತರಾಯನ ಪಟದ ಎರಡೂ ಕಡೆ ಉಸ್ತಾದರ ಫೋಟೋಗಳು. ಎಲ್ಲದಕ್ಕೂ ಪ್ಲಾಸ್ಟಿಕ್ ಹಾರ, ಮೇಲೆ ಕೆಮ್ಮಣ್ಣಿನ ಧೂಳು. ಒಂದರಲ್ಲಿ ಪೇಟ ಕಟ್ಟಿದ ಆಸಾಮಿ, ಹೆಗಲ ಮೇಲೆ ಬೆಳ್ಳಿ ಗದೆ, ಗೆದ್ದ ದಿನವೇ ತೆಗೆಸಿದ್ದಿರಬೇಕು. ಫೋಟೋ ತೆಗೆದ ಸ್ಟುಡಿಯೋ ಹೆಸರು ಕೆಳಗೆ ಚೆನ್ನಾಗಿ ಓದಬಹುದು. ಪೈಲ್ವಾನನ ಹೆಸರು ಇದ್ದ ಜಾಗವನ್ನು ಗೆದ್ದಲು ತಿಂದಿದೆ. ಅಲ್ಲಿದ್ದ ಹಿರಿಯರನ್ನು ಕೇಳಿದೆ. "ನಮ್ಮ ಉಸ್ತಾದರ ಉಸ್ತಾದರು" ಅಂದರು. ಹೆಸರು ಅವರಿಗೂ ಬರಲಿಲ್ಲ. ಈಗ ಆ ಗರಡಿಗೆ ಸಾಮು ತೆಗೆಯೋಕೆ ಬರೋದು ನಾಲ್ಕೈದು ಹುಡುಗರು. ಮಿಕ್ಕವರೆಲ್ಲ ಎದುರಿನ ಜಿಮ್‌ಗೆ.

ಅವತ್ತೇ ಒಂದು ನೋಟ್‌ಬುಕ್ ತಗೊಂಡು ಶುರು ಮಾಡಿದೆ. ಹೆಸರು, ಗರಡಿ, ಉಸ್ತಾದ್ ಯಾರು, ಯಾವ ದಸರಾದಲ್ಲಿ ಯಾರ ಜೊತೆ ಜೋಡಿ ಕಟ್ಟಿದ್ದರು, ಎಲ್ಲಿ ಮಣ್ಣಾದರು. ದೊಡ್ಡ ಕೆಲಸ ಏನಲ್ಲ. ಈಗ ಕೇಳದಿದ್ದರೆ ಹೇಳೋರು ಇರಲ್ಲ, ಅಷ್ಟೇ. ಕೇಳಿದ ಕಡೆಯೆಲ್ಲ ಜನ ಮೊದಲು ಗೆದ್ದದ್ದನ್ನು ಹೇಳುತ್ತಾರೆ, ಎಲ್ಲಿ ಮಣ್ಣು ಮಾಡಿದರು ಅಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಅದರಲ್ಲಿ ನಿಮ್ಮ ತಾತನ ಪುಟ ಇನ್ನೂ ಖಾಲಿ ಇದೆ. ಅವರನ್ನು ಎತ್ತಿಕೊಂಡು ಹೋದ ದಿನ ಮಾತ್ರ ನನಗೆ ನೆನಪಿದೆ. ಗರಡಿ ಹುಡುಗರೇ ಹೆಗಲು ಕೊಟ್ಟರು. ಗರಡಿ ಬಾಗಿಲಲ್ಲಿ ಇಳಿಸಿ, ಒಳಗಿನಿಂದ ಮಟ್ಟಿ ಮಣ್ಣು ತಂದು ಎದೆ ಮೇಲೆ ಹಾಕಿದರು. ಅಲ್ಲಿಂದ ಮುಂದಕ್ಕೆ ನಮ್ಮಂಥ ಚಿಕ್ಕವರನ್ನು ಬಿಡಲಿಲ್ಲ. ನಿಮ್ಮಮ್ಮನಿಗೆ ಗೊತ್ತಿರುತ್ತೆ, ಕೇಳಿ ಹೇಳು. ಅವರು ದಸರಾದಲ್ಲಿ ಪಂಜಾಬಿನ ಪೈಲ್ವಾನ್ ಜೊತೆ ಸಮ ಮಾಡಿದ್ದರು ಅಂತ ನೀನು ಸ್ಕೂಲಲ್ಲಿ ಕೊಚ್ಚಿಕೊಳ್ಳುತ್ತಿದ್ದೆ, ಅದು ಯಾವ ವರ್ಷ ಅಂತಲೂ ಬೇಕು. ಫೋಟೋ ಇದ್ದರೆ ಹಿಂದೆ ಮುಂದೆ ಎರಡೂ ಕಡೆ ತೆಗೆದು ಕಳಿಸು, ಹಿಂದುಗಡೆ ಏನಾದರೂ ಬರೆದಿರುತ್ತೆ. ಹಾಗೇ ಅಟ್ಟದ ಮೇಲಿದ್ದ ಆ ಗದೆ ಈಗ ಯಾರ ಹತ್ತಿರ ಇದೆ ಅಂತಲೂ ಕೇಳು. ನಿಮ್ಮ ಚಿಕ್ಕಪ್ಪ ಅದನ್ನು ಹಳೇ ಪಾತ್ರೆ ಅಂಗಡಿಗೆ ಹಾಕಿದರು ಅಂತ ಬೀದಿಯಲ್ಲಿ ಯಾರೋ ಅಂದರು. ಸುಳ್ಳಾಗಿರಲಿ ಅಂತ ನಾನಿನ್ನೂ ಅವರನ್ನೇ ಕೇಳೋಕೆ ಹೋಗಿಲ್ಲ.

ಇಂತಿ ನಿನ್ನ ಗೆಳೆಯ,
ಮೈಸೂರಿನಿಂದ