ಸಾಲ ಅಂದುಕೊಂಡೇ ತಗೊಂಡ

ಚಿ. ಸಿಂಧುಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದ ತಲುಪಿತು. ಸರ್ಕಾರಿ ಕೆಲಸದ ಟ್ರೈನಿಂಗ್, ಹಾಸ್ಟೆಲ್ ಊಟದ ವಿಷಯ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದನ್ನು ಬಿಡು. ಕೊನೆಯಲ್ಲಿ ಬರೆದಿದ್ದೀಯಲ್ಲ, "ಲಂಚ ತಗೊಂಡ ಆ ಮಂತ್ರಿಯ ಹಾಗೇ ನಾನೂ ಆಗಿಬಿಟ್ಟು, ಆಗಿದ್ದು ನನಗೇ ಗೊತ್ತಾಗದಿದ್ದರೆ?" ಅಂತ. ಅದನ್ನು ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ಪಾಠದಲ್ಲಿ ಬಂದ ಆ ಟೀಪಾಟ್ ಡೋಮ್ ಹಗರಣವನ್ನು ನಾನೂ ಹುಡುಕಿ ಓದಿದೆ. ನಿನ್ನನ್ನು ಹೆದರಿಸಿದ್ದು ಅಮೆರಿಕದ ಅಧ್ಯಕ್ಷ ಹಾರ್ಡಿಂಗ್ ಸಂಪುಟದ ಮಂತ್ರಿ ಆಲ್ಬರ್ಟ್ ಫಾಲ್ ತಾನೆ? ನೌಕಾಪಡೆಗೆ ಮೀಸಲಿದ್ದ, ಪೆಟ್ರೋಲಿಯಂ ಎಣ್ಣೆ ಸಿಗುವ ಭೂಮಿ 1921ರಲ್ಲಿ ಅವನ ಇಲಾಖೆಯ ಕೈಗೆ ಬಂತು. ಮರುವರ್ಷ ಟೆಂಡರ್ ಇಲ್ಲದೆ ಅದರಲ್ಲಿ ವಯೋಮಿಂಗ್‌ನ ಟೀಪಾಟ್ ಡೋಮ್ ಸಿಂಕ್ಲೇರ್ ಅನ್ನೋ ಎಣ್ಣೆ ಉದ್ಯಮಿಗೆ, ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್ ಡೊಹೆನಿ ಅನ್ನೋ ಇನ್ನೊಬ್ಬ ಎಣ್ಣೆ ಉದ್ಯಮಿಗೆ ಗುತ್ತಿಗೆ ಹೋಯಿತು. ಬೇಡ ಅಂದ ನೌಕಾಪಡೆಯ ಅಧಿಕಾರಿಗಳಿಗೆ ದೂರದೂರಿಗೆ ವರ್ಗ. ಇದೆಲ್ಲ ನಮಗೆ ಹೊಸದೇನಲ್ಲ ಬಿಡು.

ನನ್ನ ತಲೆಯಲ್ಲಿ ಕೂತಿದ್ದು ಆ ಕರಿ ಬ್ಯಾಗು. 1921ರ ನವೆಂಬರಿನಲ್ಲಿ ಡೊಹೆನಿಯ ಮಗನೇ ಅದರಲ್ಲಿ ಒಂದು ಲಕ್ಷ ಡಾಲರ್ ನಗದು ತಂದು ಫಾಲ್ ಕೈಗೆ ಕೊಟ್ಟ. ಡೊಹೆನಿ ಹೊರಗಿನವನಲ್ಲ. ಹರೆಯದಲ್ಲಿ ಇಬ್ಬರೂ ಗಣಿ ಹುಡುಕಿಕೊಂಡು ಅಲೆದವರು. ನ್ಯೂ ಮೆಕ್ಸಿಕೋದಲ್ಲಿ ಫಾಲ್‌ಗೆ ದನ ಸಾಕುವ ದೊಡ್ಡ ಜಮೀನಿತ್ತು, ತೆರಿಗೆ ವರ್ಷಗಟ್ಟಲೆ ಬಾಕಿ. ಹಳೇ ಗೆಳೆಯ ಕಷ್ಟಕ್ಕೆ ಸಾಲ ಕೊಟ್ಟ, ಅಷ್ಟೇ ಅಂದರು ಇಬ್ಬರೂ.

ನೀನು ಹೆದರುವುದು ಇದಕ್ಕೇ ಅಲ್ವಾ? ಬರುವವನು ಕಳ್ಳನ ವೇಷದಲ್ಲಿ ಬರಲ್ಲ. ನಮ್ಮ ಕಷ್ಟ ಗೊತ್ತಿರೋನೇ ಬರ್ತಾನೆ.

ನಮ್ಮ ಮನೆ ಲಿಂಟಲ್ ಮಟ್ಟದಲ್ಲಿ ನಿಂತ ಕಥೆ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಆಗ ಒಬ್ಬ ಕಂಟ್ರಾಕ್ಟರ್ ಆಫೀಸಿಗಲ್ಲ, ಸೈಟಿನ ಹತ್ತಿರವೇ ಬಂದಿದ್ದ. ಅವನ ಬಿಲ್ ನನ್ನ ಮೇಜಿನ ಮೇಲಿತ್ತು. ತುಕ್ಕು ಹಿಡಿದ ಕಂಬಿ ಮುಟ್ಟಿ ನೋಡಿ, "ಮೋಲ್ಡ್ ಹಾಕಿಸಿಬಿಡಿ ಸಾರ್, ಸಾಲ ಅಂತ ಇಟ್ಕೊಳ್ಳಿ, ಬಡ್ಡಿ ಬೇಡ" ಅಂದ. ಬೇಡ ಅಂದೆ. ನಿಯತ್ತು ಅಂತ ಹೇಳಿಕೊಳ್ಳಲಾರೆ, ಹೆದರಿಕೆಯೇ ಜಾಸ್ತಿ. ಆಮೇಲೆ ಎಷ್ಟೋ ಮಳೆಗಾಲ ನಿನ್ನ ದೊಡ್ಡಮ್ಮ ಸೋರುವ ಬಾಡಿಗೆ ಮನೆಯಲ್ಲಿ ಪಾತ್ರೆ ಇಟ್ಟುಕೊಂಡು ಕಳೆದಳು. ನಾನು ಬೇಡ ಅಂದಿದ್ದನ್ನು ಅವಳಿಗೆ ಹೇಳಲೇ ಇಲ್ಲ. ಹೇಳಿದ್ದರೆ ಬೈಯುತ್ತಿದ್ದಳೋ ಏನೋ. ಕೇಳೋಣ ಅಂದರೆ ಈಗ ಅವಳಿಲ್ಲ.

ಎಲ್ಲಿಂದೆಲ್ಲಿಗೋ ಹೋದೆ. ನಿನ್ನ ಮಾತಿಗೇ ಬರುತ್ತೇನೆ. ಗೊತ್ತಾಗದೇ ಇರುತ್ತಾ? ದುಡ್ಡು ಎಲ್ಲಿಂದ ಬಂತು ಅಂತ ಸೆನೆಟ್ ಕಮಿಟಿ ಕೇಳಿದಾಗ ಫಾಲ್ ಡೊಹೆನಿ ಹೆಸರು ಹೇಳಲಿಲ್ಲ. ಪತ್ರಿಕೆ ಮಾಲೀಕ ಮೆಕ್ಲೀನ್ ಕೊಟ್ಟ ಅಂದ. ಬರೀ ಸಾಲವಾಗಿದ್ದರೆ ಈ ಸುಳ್ಳು ಯಾಕೆ ಬೇಕಿತ್ತು? ಸುಳ್ಳು ಹೇಳುವಷ್ಟಾದರೂ ಅವನಿಗೆ ಗೊತ್ತಿತ್ತು, ಸಿಂಧು. ಬ್ಯಾಗು ತಗೊಂಡ ದಿನವೇ ಗೊತ್ತಿತ್ತಾ? ಅದು ಅವನೊಬ್ಬನಿಗೇ ಗೊತ್ತು. ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಬುದ್ಧಿ ಹೇಳುವಷ್ಟು ದೊಡ್ಡ ಹುದ್ದೆಯಲ್ಲಿ ನಾನಿರಲಿಲ್ಲ. ಆದರೂ, ಯಾರಾದರೂ ಕೊಟ್ಟದ್ದನ್ನು ನಿಮ್ಮಮ್ಮನಿಗೆ ಹೇಳೋಕೆ ಮನಸ್ಸು ಹಿಂಜರಿದರೆ ಅವತ್ತೇ ವಾಪಸ್ ಕೊಟ್ಟುಬಿಡು. ಫೈಲಿನಲ್ಲಿ ನಿನ್ನ ಅಭಿಪ್ರಾಯ ಬರೆದಿಡು, ಬಾಯಲ್ಲಿ ಹೇಳಿದ್ದು ನಿಲ್ಲಲ್ಲ. ಇದೂ ನಿಮ್ಮ ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ.

1929ರಲ್ಲಿ ಫಾಲ್ ಲಂಚ ತಗೊಂಡ ಅಂತ ಕೋರ್ಟ್ ತೀರ್ಮಾನಿಸಿತು. ಮರುವರ್ಷ ಅದೇ ಲಂಚ ಕೊಟ್ಟ ಆರೋಪದಿಂದ ಡೊಹೆನಿ ಬಿಡುಗಡೆಯಾದ. ಫಾಲ್ ಜೈಲಿಗೆ ಹೋಗಿ ಬಂದ ಮೇಲೆ ಆ ಜಮೀನೂ ಉಳಿಯಲಿಲ್ಲ. ಸಾಲಕ್ಕೆ ಅಂತ ಡೊಹೆನಿಯ ಕಂಪನಿಯೇ ಕಿತ್ತುಕೊಂಡಿತು.

ಪೋಸ್ಟಿಂಗ್ ಆದ ಊರಲ್ಲಿ ಮನೆ ಅಡ್ವಾನ್ಸ್‌ಗೆ, ಪಾತ್ರೆಪಡಗಕ್ಕೆ ದುಡ್ಡು ಬೇಕಾಗುತ್ತೆ. ಯಾರನ್ನೂ ಕೇಳಬೇಡ, ನನ್ನನ್ನು ಕೇಳು. ಪೆನ್ಷನ್ ತಿಂಗಳ ಕೊನೆಗೆ ಬರುತ್ತೆ.

ನಿನ್ನ ದೊಡ್ಡಪ್ಪ