ರಾಮನವಮಿ ಸನ್ಮಾನಕ್ಕೆ ಹೆಸರು ಕಳುಹಿಸುವ ಮುಂಚೆ

ಎಲ್ಲರಿಗೂ ನಮಸ್ಕಾರ. ಈ ಸಲ ರಾಮನವಮಿಗೆ ಯಾವ ಸಂಗೀತಗಾರರನ್ನು ಸನ್ಮಾನಿಸಬೇಕು ಅಂತ ಗುಂಪಿನಲ್ಲಿ ಮಾತು ಶುರುವಾಗಿದೆ. ಸುಮ್ನೆ ಹೆಸರು ಹಾಕುವ ಮುಂಚೆ ಇದನ್ನು ಓದಿ.

ಕರ್ನಾಟಕ ಸಂಗೀತದ ದೊಡ್ಡ ಸಂಸ್ಥೆಯಾದ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಶುರುವಾದದ್ದು 1928ರಲ್ಲಿ. ಅದು ಕೊಡುವ ಸಂಗೀತ ಕಲಾನಿಧಿ ಪ್ರಶಸ್ತಿ ಪಡೆದವರ ಪಟ್ಟಿಯಲ್ಲಿ ನಮ್ಮ ಮೈಸೂರು ವಾಸುದೇವಾಚಾರ್ಯರಿದ್ದಾರೆ, ಪಿಟೀಲು ಚೌಡಯ್ಯನವರಿದ್ದಾರೆ. ಆದರೆ ಮೃದಂಗ ವಿದ್ವಾಂಸರೊಬ್ಬರಿಗೆ ಅದು ಮೊದಲು ಸಿಕ್ಕಿದ್ದು 1966ರಲ್ಲಿ, ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ. ಮಹಿಳೆಯೊಬ್ಬರಿಗೆ ಸಿಗಲು 1968 ಬರಬೇಕಾಯಿತು, ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆ. ಅಷ್ಟು ವರ್ಷ ಅರ್ಹ ಹೆಂಗಸರೇ ಇರಲಿಲ್ಲವಾ? ವೀಣೆ ಧನಮ್ಮಾಳ್ ಅಂಥವರು ಇದ್ದರಲ್ವಾ! ಎಂ.ಡಿ. ರಾಮನಾಥನ್ ಅವರಿಗಂತೂ ಅದು ಸಿಗಲೇ ಇಲ್ಲ. ಅವರ ನಿಧಾನದ ಹಾಡುಗಾರಿಕೆಯನ್ನು ಇವತ್ತಿಗೂ ಜನ ಹುಡುಕಿ ಕೇಳುತ್ತಾರೆ. ನನಗೆ ಇದು ತುಂಬಾ ನೋವಿನ ವಿಷಯ.

ದೊಡ್ಡ ಸಂಸ್ಥೆಗೇ ಹೀಗಾದರೆ ನಾವು ಜಾಸ್ತಿ ಎಚ್ಚರ ಇರಬೇಕು. ಬರೀ ಗಾಯಕರ ಹೆಸರು ಬೇಡ. ಪಕ್ಕವಾದ್ಯದವರು, ತಂಬೂರಿ ಹಿಡಿದು ವರ್ಷಗಟ್ಟಲೆ ಹಿಂದೆ ಕೂತವರು, ಮನೆಯಲ್ಲೇ ಪಾಠ ಹೇಳಿದ ಅಮ್ಮಂದಿರು, ನಾದಸ್ವರದವರು, ಎಲ್ಲರನ್ನೂ ಯೋಚಿಸಿ. ಹೆಸರಿನ ಜೊತೆ ಕಾರಣವನ್ನು ಎರಡು ಸಾಲು ಬರೆಯಿರಿ. ನಿಮ್ಮ ಗುರುಗಳ ಅಥವಾ ನೆಂಟರ ಹೆಸರು ಬಂದರೆ ಅದನ್ನು ಮೊದಲೇ ಹೇಳಿ, ಆ ಚರ್ಚೆಯಿಂದ ಹೊರಗಿರಿ. ಕೊನೆಯ ಆಯ್ಕೆ ಯಾಕೆ ಆಯಿತು ಅಂತ ಇಲ್ಲೇ, ಎಲ್ಲರ ಮುಂದೆ ತಿಳಿಸುತ್ತೇವೆ.

ಹೆಸರುಗಳನ್ನು ಭಾನುವಾರ ಸಂಜೆಯೊಳಗೆ ಕಳುಹಿಸಿ.